ಎದುರು ಬಂದ ಮಂದೆ

ನಮ್ಮ ಮನೆಯಲ್ಲಿ ನನ್ನಷ್ಟು ಬಾಯಿ ಜೋರಿನವರು ಇನ್ನೊಬ್ಬರಿಲ್ಲ. ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳುತ್ತ ತಲೆ ಬೆಳ್ಳಗಾದವಳು, ಮದುವೆಯಾಗದೆ ತವರಲ್ಲೇ ಉಳಿದವಳು. "ಇವ್ಳ ಬಾಯಿಗೆ ಹೆದ್ರಿ ಗಂಡುಗಳೆಲ್ಲ ತುರುವೇಕೆರೆ ಬಸ್ ಸ್ಟ್ಯಾಂಡಿಂದ್ಲೇ ವಾಪಸ್ ಹೋದ್ವು" ಅಂತ ಅಣ್ಣ ಇವತ್ತಿಗೂ ಆಡಿಕೊಳ್ಳುತ್ತಾನೆ. ಅಂಥ ನಾನು, ಬಾಯಿ ಬಿಡಲೇಬೇಕಾಗಿದ್ದ ಹೊತ್ತಿನಲ್ಲಿ ಬಿಡಲಿಲ್ಲ. ಅದರಿಂದ ಅವ್ವನ ಹಸು ಹೋಯಿತು. ಯಾರೂ ನನ್ನನ್ನು ಬೈಯಲಿಲ್ಲವಾದ್ದರಿಂದ ನಾನೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಂಪಿಗೆಯ ಪಕ್ಕದ ಸಣ್ಣ ಊರು. ತೆಂಗಿನ ತೋಟ, ಒಂದಷ್ಟು ರಾಗಿ ಹೊಲ, ಕೊಟ್ಟಿಗೆಯಲ್ಲಿ ದನ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು. ಇಲ್ಲಿಂದ ಎರಡು ದಿನ ನಡೆದರೆ, ಹುಳಿಯಾರಿನ ಆಚೆ, ಕುರಿ ಸಾಕುವವರ ಒಂದು ಹಟ್ಟಿಯಿದೆ. ಹತ್ತಿಪ್ಪತ್ತು ಮನೆ, ಮುಳ್ಳುಬೇಲಿಯ ಕುರಿರೊಪ್ಪಗಳು, ಸುತ್ತ ಕಾವಲು ಅನ್ನುವ ಹುಲ್ಲುಗಾವಲು. ಆ ಹಟ್ಟಿಯ ಒಂದು ಮನೆಗೂ ನಮ್ಮ ಮನೆಗೂ ಅಜ್ಜನ ಕಾಲದಿಂದ ಬಳಕೆ. ಜಾತಿ ಬೇರೆ, ದೇವರು ಬೇರೆ. ಆದರೂ ಆ ಮನೆಯ ಯಜಮಾನ ಅವ್ವನನ್ನು ತಂಗಿ ಅನ್ನುತ್ತಾನೆ, ನಮಗೆ ಅವನು ಮಾವ, ಅವನ ಹೆಂಡತಿ ಅತ್ತೆ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾವ ತನ್ನ ಕುರಿಮಂದೆಯನ್ನು ತಂದು ನಮ್ಮ ತೋಟದಲ್ಲಿ ಹದಿನೈದು ದಿನ ನಿಲ್ಲಿಸುತ್ತಿದ್ದ. ಮರಗಳಿಗೆ ಗೊಬ್ಬರವಾಗುತ್ತಿತ್ತು, ಕುರಿಗಳಿಗೆ ಮೇವು ಸಿಗುತ್ತಿತ್ತು, ಅವ್ವನಿಗೆ ಹದಿನೈದು ದಿನ ಮಾತಿಗೆ ಜನ ಸಿಗುತ್ತಿದ್ದರು.

ಬರದ ವರ್ಷಕ್ಕೆ ಮಾತ್ರ ಬೇರೆಯೇ ಕಟ್ಟಳೆ ಇತ್ತು. ಯಾರ ಕಡೆ ಮಳೆ ಹೋಯಿತೋ ಅವರು ತಮ್ಮ ದನಕುರಿ ಹೊಡೆದುಕೊಂಡು ಇನ್ನೊಬ್ಬರಲ್ಲಿಗೆ ನಡೆಯಬೇಕು. ಮೊದಲೇ ಹೇಳಿ ಕಳಿಸುವಂತಿಲ್ಲ. ಹುಲ್ಲಿದೆಯಾ ಅಂತ ಬಂದವರು ಕೇಳಬಾರದು, ಇಲ್ಲ ಅಂತ ಇದ್ದವರು ಅನ್ನಬಾರದು. "ಕೇಳ್ಕಂಡು ಹೋಗಾದು ಭಿಕ್ಸೆ ಕಣೇ, ಕೇಳ್ದಂಗೆ ಹೋಗಾದು ನೆಂಟಸ್ತನ" ಅಂತ ಅವ್ವ ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಳು. ನಾನು ಸಣ್ಣವಳಿದ್ದಾಗ ಒಂದು ವರ್ಷ ನಮ್ಮ ದನಗಳೆಲ್ಲ ನಾಲ್ಕು ತಿಂಗಳು ಹಟ್ಟಿಯ ಕಾವಲಲ್ಲಿ ಮೇದು, ಗುರುತು ಸಿಗದಷ್ಟು ಮೈ ತುಂಬಿಕೊಂಡು ಬಂದಿದ್ದವು. ಇನ್ನೊಂದು ವರ್ಷ ಮಾವನ ಅಪ್ಪ ಇಡೀ ಮಂದೆಯೊಂದಿಗೆ ಬೆಳಗ್ಗೆಯೇ ಅಂಗಳದಲ್ಲಿ ನಿಂತಿದ್ದ. ಅವ್ವ ಒಲೆಯ ಮುಂದಿನಿಂದಲೇ "ಬಂದ್ರಾ? ನಿನ್ನೆಯಿಂದ ದಾರಿ ನೋಡ್ತಿದ್ದೆ" ಅಂದಿದ್ದಳು. ಅವಳು ದಾರಿ ನೋಡಿರಲಿಲ್ಲ. ಅದು ಹಾಗೆ ಅನ್ನಬೇಕಾದ ಮಾತು.

ಈ ಕಟ್ಟಳೆ ನಡೆದದ್ದು ಮಳೆಯ ಲೆಕ್ಕದ ಮೇಲೆ. ನಮ್ಮ ಕಡೆಗೆ ಮುಂಗಾರೇ ಜೀವ. ಭರಣಿ, ಕೃತ್ತಿಕೆ ಹುಯ್ದರೆ ನಮ್ಮ ವರ್ಷ ಗೆದ್ದಿತು. ಹುಳಿಯಾರಿನ ಕಡೆಗೆ ಮುಂಗಾರು ಯಾವತ್ತೂ ನೆಂಟನ ಹಾಗೆ ಬಂದು ಹೋಗುತ್ತದೆ. ಅವರಿಗೆ ಹಸ್ತ, ಚಿತ್ತೆ ಕೈ ಹಿಡಿಯಬೇಕು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತಿತ್ತು. "ದೇವ್ರು ಒಂದೇ ಸಲ ಎರಡೂ ಕಣ್ಣು ಮುಚ್ಚಾಕಿಲ್ಲ" ಅನ್ನುವುದು ಅವ್ವನ ನಂಬಿಕೆ. ನನಗೂ ಅದೇ ನಂಬಿಕೆಯಿತ್ತು. ಪಾಠ ಓದಿದವಳು ಅನ್ನುವುದಷ್ಟೇ ವ್ಯತ್ಯಾಸ.

ಕೆಲವು ವರ್ಷಗಳ ಹಿಂದಿನ ಆ ಬರದಲ್ಲಿ ನಮ್ಮ ಮುಂಗಾರು ಪೂರ್ತಿ ಕೈ ಕೊಟ್ಟಿತು. ರಾಗಿ ಮೊಳಕೆಯಲ್ಲೇ ಸುಟ್ಟುಹೋಯಿತು. ನಾಲೆಯ ನೀರು ನಮ್ಮ ಕೆರೆಯವರೆಗೆ ಬರಲಿಲ್ಲ. ತೆಂಗಿನ ಗರಿಗಳು ಮರಕ್ಕೆ ಅಂಟಿಕೊಂಡು ಜೋತುಬಿದ್ದವು, ಎಳೆಯ ಹರಳುಕಾಯಿಗಳು ಟಪಟಪ ಉದುರಿದವು. ಬೋರಿನಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ದಸರಾ ಹೊತ್ತಿಗೆ ಹುಲ್ಲಿನ ಬಣವೆ ಇದ್ದ ಜಾಗದಲ್ಲಿ ಕೋಳಿ ಕೆದಕುತ್ತಿದ್ದವು.

ಕೊಟ್ಟಿಗೆಯಲ್ಲಿ ಏಳು ದನವಿದ್ದವು. ಅವುಗಳಲ್ಲಿ ಒಂದು ಕೆಂದಹಸು. ಅವ್ವ ಮದುವೆಯಾಗಿ ಬಂದ ವರ್ಷ ಮಾವನ ಅಪ್ಪ ಉಡುಗೊರೆ ಅಂತ ಒಂದು ಕೆಂದಗರು ತಂದು ಕಟ್ಟಿದ್ದನಂತೆ. ಇದು ಅದರ ಮಗಳ ಮಗಳ ಮಗಳು. ಆ ಬಳ್ಳಿಯಲ್ಲಿ ಉಳಿದದ್ದು ಇದೊಂದೇ. ಹಾಕಿದ್ದೆಲ್ಲ ಗಂಡುಗರುಗಳೇ. ಈಗ ಮತ್ತೆ ಗಬ್ಬವಾಗಿತ್ತು, ಇನ್ನೊಂದೂವರೆ ತಿಂಗಳಿತ್ತು. ಅವ್ವ ದಿನಾ ಸಂಜೆ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. "ಒಂದು ಹೆಣ್ಣುಗರು ಹಾಕ್ಬುಡವ್ವ, ಆಮ್ಯಾಕೆ ನೀನೂ ಕುಂತ್ಕೋ, ನಾನೂ ಕುಂತ್ಕೋತೀನಿ" ಅನ್ನುತ್ತಿದ್ದಳು. ಅಕ್ಕಿ ತೊಳೆದ ನೀರು, ಸಿಪ್ಪೆ, ತನ್ನ ತಟ್ಟೆಯ ಅರ್ಧ ಮುದ್ದೆ, ಎಲ್ಲ ಅದಕ್ಕೇ ಹೋಗುತ್ತಿತ್ತು. ಆದರೂ ಅದರ ಪಕ್ಕೆಲುಬು ದಿನಕ್ಕೊಂದು ಎದ್ದು ಕಾಣತೊಡಗಿದವು.

ಅಣ್ಣ ಹಟ್ಟಿಗೆ ಹೊರಡುವ ಮಾತೆತ್ತಿದ. ಟೆಂಪೋದಲ್ಲಿ ಸಾಗಿಸೋಣ ಅಂದೆ. ದನ ತುಂಬಿದ ಟೆಂಪೋ ಕಂಡರೆ ದಾರಿಯಲ್ಲಿ ಹತ್ತು ಜನ ಅಡ್ಡ ಹಾಕಿ ಎಲ್ಲಿಗೆ, ಯಾಕೆ ಅಂತ ಕೇಳುತ್ತಾರೆ, ಅದು ಬೇಡ ಅಂದ. ನಡೆಸಿಕೊಂಡೇ ಹೋಗುವುದು ಅಂತಾಯಿತು. ನನಗೆ ದಸರಾ ರಜ. ಗಬ್ಬದ ಹಸುವಿನ ಜೊತೆ ಹೆಂಗಸೊಬ್ಬಳು ಇರಲಿ ಅಂತ ಅವ್ವ ನನ್ನನ್ನೂ ಹೊರಡಿಸಿದಳು.

ಹೊರಡುವ ಹಿಂದಿನ ದಿನ ನನ್ನ ಕೈಯಲ್ಲಿ ಮೊಬೈಲು ಇತ್ತು. ಅತ್ತೆಯ ನಂಬರೂ ಇತ್ತು. ಅದೂ ಅಲ್ಲದೆ, ರಜೆಗೆ ಮುಂಚಿನ ವಾರ ನಾನು ಒಂಬತ್ತನೇ ಕ್ಲಾಸಿಗೆ ಮಾಡಿದ ಪಾಠವೇ ಎಲ್ ನಿನೊ. ಎಲ್ಲೋ ಪೆಸಿಫಿಕ್ ಸಾಗರದ ನೀರು ಬಿಸಿಯಾದರೆ ನಮ್ಮ ಮಾನ್ಸೂನ್ ಸೊರಗುತ್ತದೆ, ಅದೇ ವರ್ಷ ಆಫ್ರಿಕಾದ ದಕ್ಷಿಣದಲ್ಲಿ, ಆಸ್ಟ್ರೇಲಿಯಾದಲ್ಲಿ, ಬ್ರೆಜಿಲ್‌ನ ಕಡೆ ಕೂಡ ಒಣಗಬಹುದು ಅಂತ ಭೂಪಟದ ಮೇಲೆ ಕೋಲಿಟ್ಟು ತೋರಿಸಿದ್ದೆ. ಸಾವಿರಾರು ಮೈಲಿ ದೂರದ ದೇಶಗಳು ಒಟ್ಟಿಗೇ ಒಣಗುತ್ತವೆ ಅಂತ ಬಲ್ಲವಳಿಗೆ, ಎರಡು ದಿನ ದೂರದ ಹಟ್ಟಿ ಒಣಗಿರಬಹುದು ಅಂತ ಹೊಳೆಯಲಿಲ್ಲವೇ? ಹೊಳೆದಿತ್ತು. ನಂಬರನ್ನು ಎರಡು ಸಲ ತೆಗೆದು ನೋಡಿ ಮುಚ್ಚಿಟ್ಟೆ. ನಮ್ಮ ಮನೆಯಿಂದ ಮೊದಲು ಕೇಳಿದವಳು ನಾನು ಅನ್ನಿಸಿಕೊಳ್ಳಲು ನಾಚಿಕೆಯಾಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗಾಯಿತು ನನ್ನ ಪಾಠ.

ಅಣ್ಣ ದನಗಳ ಹಿಂದೆ ನಡೆದ. ನಾನು ಅವನ ಹಿಂದೆ ಸ್ಕೂಟಿಯಲ್ಲಿ, ಮುಂದೆ ನೀರಿನ ಕ್ಯಾನು, ಪಕ್ಕಕ್ಕೆ ಅತ್ತಿಗೆ ಕಟ್ಟಿದ ರೊಟ್ಟಿಯ ಚೀಲ. ಹತ್ತು ಮಾರು ಓಡಿಸುವುದು, ನಿಲ್ಲಿಸುವುದು. ಎದುರು ಬಂದ ಬಸ್ಸಿನವನೊಬ್ಬ "ಮೇಡಮ್ಮೋರು ದನಕ್ಕೂ ಅಟೆಂಡೆನ್ಸ್ ತಗೋತಾವ್ರೆ" ಅಂತ ಕೂಗಿದಾಗ ನಕ್ಕೆವು. ಮೊದಲ ದಿನ ಕೆ.ಬಿ. ಕ್ರಾಸ್ ಸೇರಿ ಪರಿಚಯದವರ ತೋಟದಲ್ಲಿ ತಂಗಿದೆವು. ಮಾರನೆಯ ಬೆಳಗ್ಗೆ ಕ್ರಾಸ್ ದಾಟಿ ಚಿಕ್ಕನಾಯಕನಹಳ್ಳಿಯ ಕಡೆ ಹೊರಟೆವು. ದಾರಿಯ ಎರಡೂ ಬದಿ ಹಸಿರು ಕಡಿಮೆಯಾಗುತ್ತಾ ಹೋದದ್ದನ್ನು ನಾನೂ ನೋಡಿದೆ, ಅಣ್ಣನೂ ನೋಡಿದ. ಆದರೂ ಮುಂದಕ್ಕೇ ಹೋದೆವು.

ಒಂದು ಬತ್ತಿದ ಕೆರೆಯ ಏರಿಯ ಮೇಲೆ ಎದುರಿನಿಂದ ಧೂಳು ಎದ್ದಿತು. ಮೊದಲು ಕಂಡದ್ದು ಕುರಿಗಳು. ಆಮೇಲೆ ನಾಲ್ಕು ಬಡಕಲು ದನ. ಅವುಗಳ ಹಿಂದೆ ಹೆಗಲಿಗೆ ಕಂಬಳಿ ಹಾಕಿಕೊಂಡು ಕೋಲು ಊರುತ್ತ ಬರುತ್ತಿದ್ದವನು ಮಾವ.

ಅವನು ಎಲ್ಲಿಗೆ ಹೊರಟಿದ್ದಾನೆ ಅಂತ ಗೊತ್ತಾಗಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಅವನಿಗೂ ಗೊತ್ತಾಯಿತು. ಮುಖ ಬಿಳಿಚಿಕೊಂಡಿತು, ತಕ್ಷಣ ನಕ್ಕ.

"ಏನ್ಲಾ ಅಳಿಯ, ಎತ್ಲಾಗೆ ಸವಾರಿ?" ಅಂದ.

"ಹಿಂಗೇ ಮಾವ, ನಿಮ್ಮನ್ನೆಲ್ಲ ನೋಡ್ಕಂಡು ಬರಾನ ಅಂತ" ಅಂದ ಅಣ್ಣ. "ನೀವು?"

"ನಾವೂ ಹಂಗೇ ಕಣಪ್ಪ. ತಂಗೀನ ನೋಡಿ ಬಾಳ ದಿನ ಆಗಿತ್ತು."

ತಂಗಿಯನ್ನು ನೋಡಲು ಯಾರೂ ಅರವತ್ತು ಕುರಿ ಕರೆದುಕೊಂಡು ಹೊರಡುವುದಿಲ್ಲ. ಬೇರೆ ದಿನವಾಗಿದ್ದರೆ ಅದನ್ನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅವತ್ತು ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡದೆ ಒಬ್ಬರ ದನ ಒಬ್ಬರು ನೋಡುತ್ತಿದ್ದರು. ಏರಿಯ ಮೇಲೆ ಕೂತು ರೊಟ್ಟಿ ಹಂಚಿಕೊಂಡೆವು. ಮಳೆಯ ಮಾತು ಯಾರೂ ತೆಗೆಯಲಿಲ್ಲ. ಮಾವ ಅವ್ವನ ಮಂಡಿನೋವು ವಿಚಾರಿಸಿದ, ಅಣ್ಣ ಅತ್ತೆಯ ಕಣ್ಣಿನ ಆಪರೇಷನ್ ವಿಚಾರಿಸಿದ. ದನಗಳೂ ಕುರಿಗಳೂ ಕೆರೆಯಂಗಳದ ಒಡೆದ ಮಣ್ಣಿನಲ್ಲಿ ಇಲ್ಲದ ಹುಲ್ಲಿಗೆ ಮೂಗು ತಿಕ್ಕುತ್ತಿದ್ದವು.

ಕೊನೆಗೆ ಮಾವ ಎದ್ದ. "ಹೋಗ್ರಪ್ಪ. ನಿಮ್ಮತ್ತೆ ಅವ್ಳೆ ಹಟ್ಟೀಲಿ. ಹುಲ್ಲಿಗೇನು, ಐತೆ" ಅಂದ.

"ನೀವೂ ಹೊರಡಿ ಮಾವ. ಅವ್ವ ಕಾಯ್ತಾ ಅವ್ಳೆ. ಕೆರೆ ಅಂಚಲ್ಲಿ ಹಸಿರೈತೆ" ಅಂದ ಅಣ್ಣ.

ಎರಡೂ ಸುಳ್ಳು. ಹುಲ್ಲಿದ್ದಿದ್ದರೆ ಮಾವ ಇಲ್ಲಿ ಇರುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ. ಇದು ಆ ಏರಿಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಹಿಂದಿರುಗಿ ಹೋಗಿ ಅಂದವನು ಇಲ್ಲ ಅಂದ ಹಾಗೆ. ನಾನೇ ಹಿಂದಿರುಗುತ್ತೇನೆ ಅಂದವನು ನಿನ್ನಲ್ಲಿ ಇಲ್ಲ ಅಂದ ಹಾಗೆ. ನಾನು ಬಾಯಿ ತೆರೆದೆ. ಅಣ್ಣ ನನ್ನ ಕಡೆ ತಿರುಗಿ ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಬಾಯಿ ಮುಚ್ಚಿದೆ.

ಹೊರಡುವ ಮೊದಲು ಮಾವ ಕೆಂದಹಸುವಿನ ಹತ್ತಿರ ಬಂದು ಹೊಟ್ಟೆ ಸವರಿದ. ಅದು ಅವನ ಮನೆಯ ರಕ್ತ. "ನಿಧಾನಕ್ಕೆ ನಡೆಸ್ಲಾ, ಜೀವ ಹೊತ್ಕಂಡೈತೆ" ಅಂದ. ಆಮೇಲೆ ಅವರು ನಮ್ಮ ಬಯಲಿನ ಕಡೆ ನಡೆದರು, ನಾವು ಅವರ ಬಯಲಿನ ಕಡೆ ನಡೆದೆವು.

ಹಟ್ಟಿಯ ಅತ್ತೆ ದೂರದಿಂದಲೇ ನಮ್ಮನ್ನು ನೋಡಿದಳು. ಗಂಡ ಹೊರಟ ದಾರಿಯಲ್ಲೇ ನಾವು ಬಂದದ್ದು ನೋಡಿ ಅವಳಿಗೆ ಏನು ಅನ್ನಿಸಿತೋ, ಸೆರಗಿನಿಂದ ಬಾಯಿ ಒತ್ತಿಕೊಂಡು ಒಂದು ಕ್ಷಣ ನಿಂತಳು. ಆಮೇಲೆ ಕೂಗಿದಳು: "ಬಂದ್ರಾ? ನಿನ್ನೆಯಿಂದ ಕಾಯ್ತಾ ಇದ್ದೆ ಕಣ್ರಪ್ಪ!"

ಕಾವಲಲ್ಲಿ ಕಲ್ಲು ಕಾಣುತ್ತಿತ್ತು. ನಾನು ಆ ಕಾವಲಲ್ಲಿ ಕಲ್ಲು ಕಂಡದ್ದು ಅದೇ ಮೊದಲು. ಅತ್ತೆ ಜಾಲಿಕಾಯಿ ಬಡಿದು ತಂದಳು, ಆಲದ ಕೊಂಬೆ ಕಡಿಸಿದಳು. ಎರಡನೆಯ ದಿನ ಏಣಿ ಹಾಕಿ ತನ್ನ ಕುರಿಮರಿಗಳ ಗುಡಿಸಲಿನ ಸೂರಿನ ಹುಲ್ಲನ್ನೇ ಕಿತ್ತು ಕೆಂದಹಸುವಿನ ಮುಂದೆ ಹಾಕಿದಳು. ಹೊಗೆ ಹಿಡಿದು ಕಪ್ಪಾಗಿದ್ದ ಹುಲ್ಲು. ಹಸು ಅದನ್ನು ಮೂಸಿ, ಎರಡು ಎಳೆ ಅಗಿದು, ಹಾಗೇ ಮಲಗಿತು.

ಮೂರನೆಯ ದಿನ ಮಧ್ಯಾಹ್ನ ನೋವು ಬಂತು. ದಿನ ತುಂಬಿರಲಿಲ್ಲ. ಅತ್ತೆಯೇ ಕೈ ಹಾಕಿ ಕರುವನ್ನು ಎಳೆದಳು. ಹೆಣ್ಣುಗರು. ಕೆಂದ ಬಣ್ಣ, ಹಣೆಯ ಮೇಲೊಂದು ಬಿಳಿ ಚುಕ್ಕೆ. ಉಸಿರಿರಲಿಲ್ಲ. ಹಸು ಕತ್ತು ತಿರುಗಿಸಿ ಅದನ್ನು ನೆಕ್ಕುತ್ತಲೇ ಇತ್ತು, ನೆಕ್ಕಿ ಎಬ್ಬಿಸುತ್ತೇನೆ ಅನ್ನುವ ಹಾಗೆ. ಹುಳಿಯಾರಿನಿಂದ ಡಾಕ್ಟರು ಬಂದು ಬಾಟಲಿ ಹಾಕಿದರು. "ಇದಕ್ಕೆ ಕಾಯಿಲೆ ಏನಿಲ್ಲ ಮೇಡಂ, ನಡೆಯೋ ಶಕ್ತಿ ಇರಲಿಲ್ಲ, ನಡೆಸಿಬಿಟ್ಟಿದ್ದೀರಿ" ಅಂದರು. ಸಂಜೆ ಹೊತ್ತಿಗೆ ಅದೂ ಹೋಯಿತು. ತಾಯಿ ಮಗಳನ್ನು ಕಾವಲಿನಲ್ಲಿ ಒಂದೇ ಗುಂಡಿಗೆ ಹಾಕಿದೆವು. ನಾನು ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಮಾರನೆಯ ದಿನ ಅತ್ತೆಯ ಮೊಬೈಲಿಗೆ ಮಾವನ ಫೋನು ಬಂತು. ನಮ್ಮ ಮನೆಯಿಂದ ಮಾಡಿದ್ದ. "ನಿಮ್ಮವ್ವ ಮರ ಹತ್ತೋರ್ನ ಕರೆಸಿ ಹಸಿ ಗರಿ ಕಡಿಸ್ತಾವ್ಳೆ. ಬ್ಯಾಡ ಅಂದ್ರೆ ಕೇಳಾಕಿಲ್ಲ. ನೀವಾರಾ ಹೇಳ್ರವ್ವ" ಅಂದ. ಆ ಮರಗಳನ್ನು ಅವ್ವ ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡವಳು. ಕೆಂದಹಸು ಹಸಿದು ನಿಂತಿದ್ದಾಗ ಅಣ್ಣ ನಾಲ್ಕು ಗರಿ ಕಡಿಯಲು ಹೋದರೆ, ಒಣಗಿರೋ ಮರಕ್ಕೆ ಕತ್ತಿ ಹಾಕ್ತೀಯೇನ್ಲಾ ಅಂತ ಕೋಲು ಎತ್ತಿದ್ದಳು. ಈಗ ನೆಂಟರ ಕುರಿಗೆ ಸಾಲು ಸಾಲು ಬೋಳಿಸುತ್ತಿದ್ದಳು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಆ ಗರಿಗಳನ್ನು ವಾರದ ಹಿಂದೆ ಕಡಿದಿದ್ದರೆ ಹಸು ಬದುಕುತ್ತಿತ್ತೋ ಏನೋ. ಆದರೆ ತನಗಾಗಿ ಮರ ಬೋಳಿಸುವುದು ಅವ್ವನ ಲೆಕ್ಕದಲ್ಲಿ ಪಾಪ, ಬಂದವರಿಗಾಗಿ ಬೋಳಿಸುವುದು ಧರ್ಮ. ಆ ಲೆಕ್ಕವನ್ನು ತಿದ್ದಲು ನನ್ನ ಕೆಂಪು ಪೆನ್ನಿಗೆ ಆಗುವುದಿಲ್ಲ.

ನಾವು ವಾಪಸು ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಆರು ದನ ಅಂಗಳಕ್ಕೆ ಬಂದ ಮೇಲೂ ಅವಳು ದಾರಿಯ ತಿರುವಿನ ಕಡೆಯೇ ನೋಡುತ್ತಿದ್ದಳು. ಅಣ್ಣ ಹೋಗಿ ಅವಳ ಕೈ ಹಿಡಿದುಕೊಂಡ. "ಹೆಣ್ಣಾ?" ಅಂತ ಒಂದೇ ಮಾತು ಕೇಳಿದಳು. ಹೂಂ ಅಂದೆ. ಒಳಗೆ ಹೋಗಿ, ಮಾವನಿಗೆ ಕೊಡಲು ಮಜ್ಜಿಗೆ ಕಡೆದಳು.

ರಜೆ ಮುಗಿದು ಶಾಲೆಗೆ ಹೋದಾಗ ಭೂಪಟ ಗೋಡೆಯ ಮೇಲೆ ಹಾಗೇ ಇತ್ತು. ನಾನು ಖಾಲಿ ಕ್ಲಾಸಿನಲ್ಲಿ ಅದರ ಮುಂದೆ ತುಂಬ ಹೊತ್ತು ನಿಂತೆ. ಇಡೀ ಭೂಮಿ ನಮ್ಮ ಎರಡು ಮನೆಗಳ ಹಾಗೆಯೇ ಬದುಕಿಕೊಂಡು ಬಂದಿದೆ ಅಂತ ಆಗ ತಿಳಿಯಿತು. ಒಂದು ದೇಶದಲ್ಲಿ ಬೆಳೆ ಹೋದರೆ ಇನ್ನೊಂದು ದೇಶದ ಗೋಧಿ ಹಡಗು ಹತ್ತುತ್ತದೆ. ಎಲ್ಲೋ ಒಂದು ಕಡೆ ಮಳೆ ಹುಯ್ದಿರುತ್ತದೆ ಅನ್ನುವ ನಂಬಿಕೆಯ ಮೇಲೆ ಎಲ್ಲರ ಅನ್ನ ನಿಂತಿದೆ. ಎಲ್ ನಿನೊ ಮೊದಲೂ ಬರುತ್ತಿತ್ತು. ಈಗ ಗಾಳಿಯೇ ಕಾದಿದೆ. ಕಾದ ಗಾಳಿ ಸಿಕ್ಕ ಸಿಕ್ಕ ನೆಲದ ಪಸೆಯನ್ನೆಲ್ಲ ಹೀರುತ್ತದೆ. ಹಾಗಾಗಿ ದೂರ ದೂರದ ಸೀಮೆಗಳು ಒಂದೇ ವರ್ಷ ಒಣಗುವ ಅಪಾಯ ಹೆಚ್ಚುತ್ತಾ ಇದೆ ಅಂತ ಓದಿದವರು ಹೇಳುತ್ತಾರೆ. ನನಗೆ ಅದನ್ನು ಹೇಳಿಕೊಟ್ಟದ್ದು ಆ ಕೆರೆಯ ಏರಿ. ಟಿ.ವಿ.ಯಲ್ಲಿ ಯಾವುದೋ ಆಫ್ರಿಕಾದ ಮುದುಕನೊಬ್ಬ ಸತ್ತ ದನಗಳ ನಡುವೆ ಕೋಲೂರಿ ನಿಂತದ್ದನ್ನು ತೋರಿಸಿದರೆ ನಾನು ಚಾನಲ್ ಬದಲಾಯಿಸುತ್ತೇನೆ. ಅವನ ದಾರಿಯಲ್ಲೂ ಯಾರೋ ಎದುರು ಬಂದಿರಬೇಕು.

ಆಮೇಲೆ ಮಳೆ ಬಂತು. ಬೋಳಿಸಿದ ಮರಗಳು ನಿಧಾನಕ್ಕೆ ಗರಿ ಕಟ್ಟಿದವು, ಕೆಲವು ಕಟ್ಟಲೇ ಇಲ್ಲ. ಮಾವ ಸಂಕ್ರಾಂತಿಯ ಮೇಲೆ ಮಂದೆ ತಂದ, ಹೋದ. ಕೆಂದಹಸುವಿನ ಮಾತು ಯಾರೂ ಎತ್ತಲಿಲ್ಲ.

ಕಳೆದ ವರ್ಷ ಮತ್ತೆ ಎರಡೂ ಕಡೆ ಆಕಾಶ ಕೈ ಕೊಟ್ಟಿತು. ಒಂದು ಸಂಜೆ ಜಗಲಿಯಲ್ಲಿ ಅವ್ವ ಗರಿಯಿಂದ ಕಸಬರಿಕೆ ಕಡ್ಡಿ ಸೀಳುತ್ತಿದ್ದಳು, ನಾನು ಪೇಪರು ತಿದ್ದುತ್ತಿದ್ದೆ. ನನ್ನ ಮೊಬೈಲಿಗೆ ಮಾವನ ಫೋನು ಬಂತು. ಅವನು ಅಣ್ಣನಿಗೆ ಮಾಡುತ್ತಿದ್ದ, ಅವ್ವನಿಗೆ ಮಾಡುತ್ತಿದ್ದ. ನನಗೆ ಯಾವತ್ತೂ ಮಾಡಿದವನಲ್ಲ.

"ನಿಂಗೇ ಮಾಡ್ದೆ ಕಣವ್ವ. ಅವ್ರಿಬ್ರೂ ನಿಜ ಹೇಳಾಕಿಲ್ಲ" ಅಂದ. ಆಮೇಲೆ, ನಾಲಿಗೆಗೆ ಅಭ್ಯಾಸವಿಲ್ಲದ ಮಾತು ಆಡುವವನ ಹಾಗೆ ಕೇಳಿದ: "ಅಲ್ಲಿ ಹುಲ್ಲೈತಾ?"

ದನಿ ಅವ್ವನಿಗೂ ಕೇಳಿಸಿತ್ತು. ಕತ್ತಿ ಕೆಳಗಿಟ್ಟಳು. ಕೈಯೆತ್ತಿ ನನ್ನ ಮುಖದ ಮುಂದೆ ಆಡಿಸಿ, ತುಟಿಯಲ್ಲೇ ಅಂದಳು: "ಐತೆ ಅನ್ನು. ಬಾ ಅನ್ನು."

ನಾನು ಅವಳ ಮುಖ ನೋಡಲಿಲ್ಲ. "ಇಲ್ಲ ಮಾವ. ಬರಬೇಡಿ" ಅಂದೆ.

ಆ ಕಡೆ ಅವನು ಉಸಿರು ಬಿಟ್ಟದ್ದು ಕೇಳಿಸಿತು. "ಒಳ್ಳೇದಾಯ್ತು ಬುಡವ್ವ, ನಿಜ ಹೇಳ್ದೆ. ಇಲ್ಲೂ ಇಲ್ಲ. ನೀವೂ ಬರ್ಬ್ಯಾಡಿ" ಅಂದ. ಫೋನು ಇಟ್ಟ.

ಅವ್ವ ಸೀಳಿದ ಕಡ್ಡಿಗಳನ್ನು ಹಾಗೇ ಬಿಟ್ಟು ಎದ್ದಳು. "ಈ ಮನೆಯಿಂದ ಆ ಮಾತು ಹೊಂಟಿದ್ದು ಇವತ್ತೇ ಕಣೇ" ಅಂದು ಒಳಗೆ ಹೋದಳು.

ನಾನು ಹೇಳಿದ್ದು ಸರಿ. ಇನ್ನೊಂದು ಸಲ ಕೇಳಿದರೂ ಅದನ್ನೇ ಹೇಳುತ್ತೇನೆ. ಮಾವನ ಕುರಿಗಳು ದಾರಿಯಲ್ಲಿ ಬಿದ್ದು ಸಾಯಲಿಲ್ಲ. ಹದಿನೈದು ದಿನದೊಳಗೆ ಹುಳಿಯಾರಿನ ಸಂತೆಯಲ್ಲಿ ಒಂದೂ ಉಳಿಯದ ಹಾಗೆ ಮಾರಿಹೋದವು. ಸಂಕ್ರಾಂತಿ ಕಳೆದು ಎಷ್ಟೋ ದಿನವಾಯಿತು, ನಮ್ಮ ತೋಟಕ್ಕೆ ಈ ಸಲ ಮಂದೆ ಬರಲಿಲ್ಲ. ಅವ್ವ ನನ್ನ ಜೊತೆ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ಸ್ಕೂಟಿ ನಿಧಾನಕ್ಕೆ ಓಡಿಸು ಅನ್ನುತ್ತಾಳೆ. ಮಾವ ಹೇಗಿದ್ದಾನೆ ಅಂತ ಮಾತ್ರ ನನ್ನನ್ನು ಕೇಳುವುದಿಲ್ಲ.